ಮೊದಲ ದೋಸೆಯ ಚೂರು

ಜನವರಿ 6, ಬೆಳಿಗ್ಗೆ 6

ಧ್ಯಾನಕ್ಕೆ ಕೂತೆ. ಕಣ್ಣು ಮುಚ್ಚಿದೆ. ಉಸಿರು ನೋಡು ಅಂದರೆ ಕಾಣುವುದು ಅತ್ತಾವರದ ನಮ್ಮ ಹೋಟೆಲೇ. ಹಿಟ್ಟು ಹುಳಿ ಬಂತೋ, ಸಾಂಬಾರಿಗೆ ಒಗ್ಗರಣೆ ಬಿತ್ತೋ... ಥತ್! ಎದ್ದೆ.

ವಿನೋದಾ ಅಡುಗೆಮನೆಯಿಂದಲೇ, "ಇಷ್ಟು ಬೇಗ ಮುಗೀತಾ? ಕದ್ರಿ ದೇವಸ್ಥಾನದಲ್ಲಿ ಸುತ್ತು ಬರುವುದೂ ನೀವು ಓಡಿಯೇ ಅಲ್ವಾ!" ನನಗೂ ನಗು ಬಂತು. ಆದರೆ ಹೆಂಡತಿಯ ಷರತ್ತು ಷರತ್ತೇ — ನನ್ನ ಸಿಟ್ಟು ಇಳಿಯುವವರೆಗೆ ಹೋಟೆಲಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಬಿ.ಪಿ. ನೋಡಿದ ಡಾಕ್ಟರೂ ಅವಳ ಪಾರ್ಟಿ.

ಜನವರಿ 8

ಧ್ಯಾನದ ಕ್ಲಾಸಿನಲ್ಲಿ ವಿನಿತಾ ಟೀಚರ್ ಹೇಳಿದ್ದು: "ಶೆಟ್ರೇ, ಮನಸ್ಸಿಗೆ ಬಂದದ್ದು ಬರಲಿ. ಅದರ ಹಿಂದೆ ಹೋಗ್ಬೇಡಿ, ಆಯ್ತಾ?"

ಇವತ್ತು ಬಂದದ್ದು ಮಗ ಅಕ್ಷಿತನ ಮುಖ. ಅವನು ಹೋಟೆಲಿನ ಸೌದೆ ಒಲೆ ಒಡೆಸಿ ಗ್ಯಾಸ್ ಹಾಕಿಸಿದ ದಿನದ್ದು. ನನ್ನ ಅಪ್ಪನ ಕಾಲದಿಂದಲೂ ಮೊದಲ ದೋಸೆಯ ಚೂರು ಒಲೆಯ ಬೆಂಕಿಗೆ. ಕೈಮುಗಿದ ಮೇಲೆಯೇ ಗಿರಾಕಿಗೆ. "ಇನ್ನು ಚೂರು ಎಲ್ಲಿಗೆ ಹಾಕ್ತಿ? ಸಿಲಿಂಡರಿಗಾ?" ಎಂದು ಗಿರಾಕಿಗಳ ಎದುರೇ ಕಿರುಚಿದ್ದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಒಂದೇ ಮನೆ, ಒಂದೇ ಊಟದ ಮೇಜು. ಸಂಕಟ ಆಗುತ್ತದೆ.

ಜನವರಿ 27

ಬರೆಯದೆ ಬಹಳ ದಿನವಾಯಿತು. ಕೂರುವುದು ಮಾತ್ರ ಬಿಟ್ಟಿಲ್ಲ. ಇವತ್ತು ಸ್ವಲ್ಪ ಹೊತ್ತು ಹೋಟೆಲ್ ಬರಲೇ ಇಲ್ಲ. ಉಸಿರು, ಹೊರಗೆ ಯಾರೋ ಅಂಗಳ ಗುಡಿಸುವ ಸದ್ದು, ಅಷ್ಟೇ. ಹಾಯೆನಿಸಿತು. ಎದ್ದು ವಿನೋದಾಳಿಗೆ ನಾನೇ ಚಾ ಮಾಡಿ ಕೊಟ್ಟೆ. "ಎಂತ, ಹುಷಾರುಂಟಲ್ಲ ನಿಮಗೆ?" ಎಂದಳು.

ಫೆಬ್ರವರಿ 2

ವಾಕಿಂಗ್ ಎಂದು ಹೇಳಿ ರಿಕ್ಷಾ ಹತ್ತಿದೆ. ಹೋಟೆಲಿನ ಹಿಂಬಾಗಿಲು. ಮೆಟ್ಟಿಲು ಹತ್ತಲಿಲ್ಲ, ಹೊರಗೇ ನಿಂತೆ.

ಗ್ಯಾಸಿನ ಪಕ್ಕದ ಗೂಡಿನಲ್ಲಿ ದೀಪ. ಅದರ ಎದುರು, ಬಾಳೆಲೆಯ ತುಂಡಿನ ಮೇಲೆ ಮೊದಲ ದೋಸೆಯ ಚೂರು. ಅಕ್ಷಿತ್ ಕೈಮುಗಿದು, ಕಣ್ಣು ಮುಚ್ಚಿ ನಿಂತಿದ್ದಾನೆ. ಅಲ್ಲ ಮಾರಾಯ, ನಾನು ಚೂರು ಹಾಕುವಾಗಲೂ ಹಾಲಿನವನಿಗೆ ಬೈಯುತ್ತಲೇ ಇರುತ್ತಿದ್ದೆ! ಪ್ರಾರ್ಥನೆ ಅಂದರೆ ಇವನದ್ದು.

ದೋಸೆ ಒಂದು ಬದಿ ಸೀದಿತ್ತು. ಬೈಯಲು ನಾಲಿಗೆ ತುರಿಸಿತು. ಉಸಿರು ನೋಡಿದೆ... ಅವನು ಕಣ್ಣು ತೆರೆದ. ನನ್ನನ್ನು ಕಂಡು ಗಾಬರಿಯಾದ.

"ಚೆಂದ ಆಯ್ತು ಮಗಾ" ಎಂದೆ. ಮತ್ತೆ ನಿಲ್ಲಲಾಗಲಿಲ್ಲ, ತಿರುಗಿ ಬಂದೆ. ರಿಕ್ಷಾದಲ್ಲಿ ಕಣ್ಣು ಒರೆಸಿಕೊಂಡೆ.

ಫೆಬ್ರವರಿ 3, ಬೆಳಿಗ್ಗೆ 6.10

ಧ್ಯಾನ ಅರ್ಧವೂ ಆಗಿರಲಿಲ್ಲ. ಫೋನ್. ಅಕ್ಷಿತ್.

"ಪಪ್ಪ... ಸಾಂಬಾರಿಗೆ ಎಂತದೋ ಕಮ್ಮಿ ಉಂಟು. ಒಮ್ಮೆ ಬಂದು ನೋಡ್ತೀರಾ?"

ವಿನೋದಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಹೋಗಿ, ಹೋಗಿ" ಎಂದಳು.

ಬಂದದ್ದರ ಹಿಂದೆ ಹೋಗಬೇಡಿ ಎಂದಿದ್ದರು ಟೀಚರ್. ಇದೊಂದರ ಹಿಂದೆ ಹೋಗುತ್ತೇನೆ. ಚಪ್ಪಲಿ ಎಲ್ಲಿ —