ಅಡುಗೆಮನೆಯ ಶ್ರೋತೃ

ಜಯನಗರ, ಬೆಂಗಳೂರು
೧೯೬೫ರ ಜನವರಿ ೧೬, ಶನಿವಾರ

ಪ್ರೀತಿಯ ಜಯದೇವಿಗೆ,

ಕಳೆದ ತಿಂಗಳ ಪತ್ರದಲ್ಲಿ ನಾನು ನಿನಗೆ ಒಂದು ತಪ್ಪು ಮಾಹಿತಿಯನ್ನು ಕೊಟ್ಟಿದ್ದೇನೆ. ಅದನ್ನು ತಿದ್ದುವುದಕ್ಕೆ ಮೊದಲು ನಿನ್ನ ಕೆಮ್ಮಿನ ವಿಚಾರ. ಮುಂಬಯಿಯ ತೇವದ ಗಾಳಿಗೆ ಹಿಡಿದದ್ದು ಬಿಟ್ಟಿತೆ? ಹಾಸ್ಟೆಲಿನ ಪಲ್ಯದಲ್ಲಿ ಎಣ್ಣೆ ತೇಲುತ್ತದೆ ಎಂದು ನೀನು ಬರೆದಿದ್ದೆ. ಮೊಸರು ಸಿಕ್ಕಿದರೆ ಬಿಡಬೇಡ. ನನ್ನ ಮಂಡಿನೋವು ಲಾಲ್‌ಬಾಗಿನವರೆಗೆ ನಡೆದು ಬರುವಷ್ಟು ಇಳಿದಿದೆ. ನಿನ್ನ ತಾಯಿ ಆರೋಗ್ಯವಾಗಿದ್ದಾಳೆ. ಯುಗಾದಿಯ ಹೊತ್ತಿಗೆ ನಿನ್ನ ಸಂಶೋಧನೆ ಮುಗಿದಿರಲಿ, ಮುಗಿಯದಿರಲಿ, ನೀನು ಮನೆಗೆ ಬಂದು ನಿನ್ನ ಸೋದರಮಾವ ಗುರುಬಸಪ್ಪ ತಂದಿರುವ ತುಮಕೂರಿನ ಸಂಬಂಧಕ್ಕೆ ಒಪ್ಪಬೇಕು ಎಂಬ ಅವಳ ಗಡುವು ಈ ಸಾಲನ್ನು ಬರೆಯುವ ಹೊತ್ತಿಗೆ ಹಾಗೆಯೇ ಇದೆ. ನಿನಗೆ ಇನ್ನೂ ಒಂದು ವರ್ಷ ಬೇಕೆಂಬುದನ್ನು ನಾನು ಅವಳಿಗೆ ತಿಳಿಸಿದೆ. ಅವಳು ಒಲೆಯ ಕಡೆಗೆ ತಿರುಗಿದಳು. ನೀನು ಹೊರಟು ಹೋದಂದಿನಿಂದ ನಿನ್ನ ಮಾತು ಬಂದಾಗಲೆಲ್ಲ ಅವಳು ಹೀಗೆಯೇ ತಿರುಗುತ್ತಾಳೆ ಎಂಬುದು ನಿನಗೆ ಹೊಸದಲ್ಲ.

ಈಗ ತಿದ್ದುಪಡಿ. ಆಕಾಶವಾಣಿಯನ್ನು ಯಾರು ಕೇಳುತ್ತಾರೆ, ವರ್ಷಗಟ್ಟಲೆ ಕೇಳಿದರೆ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂದು ನಮ್ಮ ಬೀದಿಯಲ್ಲಿ ವಿಚಾರಿಸಿ ಬರೆಯಬೇಕೆಂದು ನಿನ್ನ ಸಂಶೋಧನೆಗಾಗಿ ನೀನು ಕೇಳಿದ್ದೆ. ನಾನು ಮನೆಮನೆಗೆ ಹೋಗಿ ವಿಚಾರಿಸಿದೆ. ಹಾಲು ಕೊಡುವ ಬೈರಣ್ಣನನ್ನು ನಿಲ್ಲಿಸಿ, “ತಾವು ಆಕಾಶವಾಣಿಯ ಶ್ರೋತೃಗಳೋ?” ಎಂದು ಕೇಳಿದಾಗ ಅವನು ಕೈಮುಗಿದು, “ಇಲ್ಲ ಸಾಮಿ, ನಾವು ಒಕ್ಕಲಿಗ್ರು” ಎಂದನು. ಅಂದಿನಿಂದ ಪ್ರಶ್ನೆಯನ್ನು ಸರಳಗೊಳಿಸಿದೆ. ಆದರೂ ಹೆಂಗಸರೆಲ್ಲರಿಂದ ಒಂದೇ ಬಗೆಯ ಉತ್ತರ ಬಂತು: “ನಾನೆಲ್ಲಿ ಕೇಳ್ತೀನಿ ಮೇಷ್ಟ್ರೆ, ನಮ್ಮನೆಯವ್ರು ಕೇಳ್ತಾರೆ.” ಹಿತ್ತಿಲ ಗೋಡೆಯ ಆಚೆಯ ನೀಲಗಂಗಮ್ಮನವರಂತೂ, “ರೇಡಿಯೋನೇ ಇಲ್ಲದ ಮನೇಲಿ ಕೇಳೋ ಮಾತೆಲ್ಲಿ ಬಂತು” ಎಂದು ನನ್ನನ್ನು ಬಾಗಿಲಲ್ಲಿಯೇ ಕಳುಹಿಸಿಬಿಟ್ಟರು. ಅವರು ಹೇಳಿದ್ದನ್ನು ನಾನು ಹಾಗೆಯೇ ನಂಬಿ ನಿನಗೆ ಬರೆದೆ. ನಮ್ಮ ಮನೆಯ ವಿಚಾರವನ್ನಂತೂ ಕೇಳುವ ಗೋಜಿಗೂ ಹೋಗದೆ, ಇಲ್ಲಿ ಶ್ರೋತೃ ಒಬ್ಬನೇ, ಅವನು ನಾನು, ನಿನ್ನ ತಾಯಿಗೆ ಅದರಲ್ಲಿ ಆಸಕ್ತಿಯಿಲ್ಲ ಎಂದು ನಿಸ್ಸಂಶಯವಾಗಿ ಬರೆದೆ. ಇದು ತಪ್ಪು. ದಯವಿಟ್ಟು ಆ ವಾಕ್ಯವನ್ನು ಹೊಡೆದುಹಾಕು.

ತಪ್ಪು ತಿಳಿದ ಬಗೆಯನ್ನು ಹೇಳುತ್ತೇನೆ. ಸಂಕ್ರಾಂತಿಗೆ ಒಂದು ವಾರವಿರುವಾಗ ನಮ್ಮ ರೇಡಿಯೋದ ವಾಲ್ವ್ ಸುಟ್ಟುಹೋಯಿತು. ಜಟಕಾದಲ್ಲಿಟ್ಟುಕೊಂಡು ಬಸವನಗುಡಿಯ ರಿಪೇರಿ ಅಂಗಡಿಗೆ ಒಯ್ದು ಕೊಟ್ಟೆ. ವಾರ್ತೆಯಿಲ್ಲದೆ ನನಗೆ ಕಷ್ಟವಾಗಬಹುದೆಂದು ಎಣಿಸಿದ್ದೆ. ನನಗೇನೂ ಆಗಲಿಲ್ಲ, ಪತ್ರಿಕೆ ಇತ್ತು. ಕಷ್ಟವಾದದ್ದು ಅಡುಗೆಮನೆಗೆ. ಒಂದು ದಿನ ಹನ್ನೊಂದಕ್ಕೇ ಎಲೆ ಹಾಕಿದಳು. ಮರುದಿನ ಎರಡಾದರೂ ಅಕ್ಕಿ ಬೆಂದಿರಲಿಲ್ಲ. ಯಾಕೆಂದು ಕೇಳಿದರೆ, “ಮಹಿಳೆಯರ ಕಾರ್ಯಕ್ರಮ ಶುರುವಾದಾಗ ಅಕ್ಕಿ ಇಡ್ತಿದ್ದೆ, ಈಗ ಯಾವ ಆಧಾರದ ಮೇಲೆ ಇಡ್ಲಿ?” ಎಂದು ನನ್ನನ್ನೇ ಗದರಿದಳು. ನಾನು ಗೋಡೆಯ ಮೇಲಿನ ಗಡಿಯಾರವನ್ನೊಮ್ಮೆ ನೋಡಿ ಪತ್ರಿಕೆಗೆ ಮರಳಿದೆ.

ಆಮೇಲೆ ಒಂದು ಮಧ್ಯಾಹ್ನ ನಿನ್ನ ತಾಯಿಯನ್ನು ಕೂಗುವ ನೀಲಗಂಗಮ್ಮನವರ ಧ್ವನಿ ಗೋಡೆಯ ಮೇಲಿನಿಂದ ಬಂತು. “ಯಾಕ್ರೀ ಕಮಲಮ್ಮ, ಮೇಷ್ಟ್ರು ರೇಡಿಯೋ ಮಾರ್ಬಿಟ್ರಾ? ಆ ನರ್ಸಮ್ಮನ ಮಾತು ಇನ್ನೂ ಒಂದು ಕಂತು ಇತ್ತಲ್ಲ. ನಿಮ್ಮವ್ರಿಗೆ ಸ್ವಲ್ಪ ಬೇಗ ತರಿಸೋಕ್ಕೆ ಹೇಳಿ, ನಾನು ಪಾತ್ರೆ ತೊಳೆಯೋದು ಅದೇ ಹೊತ್ತಿಗೆ.” ರೇಡಿಯೋ ಇಲ್ಲದ ಮನೆಯವರು ಇವರೇ. ನಮ್ಮ ಅಡುಗೆಮನೆಯ ಕಿಟಕಿಗೂ ಅವರ ತೊಟ್ಟಿಗೂ ನಡುವೆ ಆ ಮೋಟುಗೋಡೆ ಮಾತ್ರವಿದೆ ಎಂಬುದನ್ನು ನಾನು ಹತ್ತು ವರ್ಷದಿಂದ ನೋಡುತ್ತಿದ್ದರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾನು ನಡುಮನೆಯಲ್ಲಿ ಪತ್ರಿಕೆಯನ್ನು ಮಡಿಸಿಟ್ಟು ಕಿವಿಗೊಟ್ಟೆ. ಮರೆಯಲ್ಲಿ ಕೇಳುವುದು ಸಭ್ಯತೆಯಲ್ಲ. ಆದರೆ ನಿನ್ನ ಶಾಸ್ತ್ರದಲ್ಲಿ ಇದಕ್ಕೆ ಅವಕಾಶವಿದೆ ಎಂದು ಭಾವಿಸಿ ಸಮಾಧಾನ ಮಾಡಿಕೊಂಡೆ.

ಆ ನರ್ಸ್ ದೂರದ ಊರೊಂದರ ಆಸ್ಪತ್ರೆಯಲ್ಲಿ ಒಬ್ಬಳೇ ಇದ್ದು ಕೆಲಸ ಕಲಿತ ವಿಚಾರವನ್ನು ಮಹಿಳೆಯರ ಕಾರ್ಯಕ್ರಮದಲ್ಲಿ ಕೆಲವು ವಾರಗಳಿಂದ ಹೇಳುತ್ತಿದ್ದಳಂತೆ. ನಾನು ಆ ಹೊತ್ತಿಗೆ ಊಟಕ್ಕೆ ಮೊದಲಿನ ಒಂದು ನಿದ್ದೆಯಲ್ಲಿರುತ್ತೇನೆ, ಆದ್ದರಿಂದ ನನಗೆ ತಿಳಿಯದು. ನಿನ್ನ ತಾಯಿ ಅದುವರೆಗಿನ ಕತೆಯನ್ನು ಒಂದು ಅಂಶವೂ ತಪ್ಪದಂತೆ ನೀಲಗಂಗಮ್ಮನವರಿಗೆ ಒಪ್ಪಿಸಿದಳು. ಅವರು ನಡುವೆ ಒಂದು ದಿನ ಬೀಗರ ಮನೆಗೆ ಹೋಗಿ ಕೇಳದೆ ಬಿಟ್ಟದ್ದನ್ನೂ ತುಂಬಿಕೊಟ್ಟಳು. ಕೊನೆಯಲ್ಲಿ, “ಪಾಪ, ಜ್ವರ ಬಂದ್ರೆ ಗಂಜಿ ಕಾಯಿಸಿ ಕೊಡೋರೂ ಇರ್ಲಿಲ್ವಂತೆ. ನಮ್ಮ ಜಯಾನೂ ಹಾಗೇ ಇರ್ತಾಳೇನೋ” ಎಂದಳು. ನೀನು ಹೋದ ಈ ಎರಡು ವರ್ಷಗಳಲ್ಲಿ ನಿನ್ನ ಹೆಸರನ್ನು ಅವಳು ಆ ಧ್ವನಿಯಲ್ಲಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನೀಲಗಂಗಮ್ಮನವರು, “ಮತ್ತೆ ಅರ್ಧಕ್ಕೆ ಬಿಟ್ಟು ಬಾ ಅಂತ ಕೂತಿದ್ದೀರಲ್ರೀ” ಎಂದು ಚುಚ್ಚಿದರು. ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು.

ಹಬ್ಬದ ಮುನ್ನಾದಿನ ರೇಡಿಯೋ ವಾಪಸ್ಸು ಬಂತು. ಎಳ್ಳು ಬೀರಿ ಮುಗಿದ ಮೇಲೆ ನಾನು ಕನ್ನಡಕ ಹಾಕಿಕೊಂಡು, ನೀನು ಕಳುಹಿಸಿದ ಪ್ರಶ್ನೆಗಳನ್ನು ಹಿಡಿದು, ಅವಳೆದುರಿಗೆ ಕುಳಿತೆ. ಕೇಳುತ್ತೀಯೋ ಇಲ್ಲವೋ ಎಂದರೆ, “ನಾನೆಲ್ಲಿ ಕೇಳ್ತೀನ್ರೀ? ಕೂತ್ಕೊಂಡು ಕೇಳೋದು ನೀವು. ನನಗೆ ಕೆಲ್ಸದ ಮಧ್ಯೆ ಕಿವಿಗೆ ಬೀಳತ್ತೆ, ಅಷ್ಟೇ” ಎಂದು ಎದ್ದು ಹೋದಳು. ಇದು ಸುಳ್ಳಲ್ಲ, ಜಯಾ. ನಮ್ಮ ಬೀದಿಯ ಹೆಂಗಸರ ಪಾಲಿಗೆ ಕೇಳುವುದೆಂದರೆ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿರುವುದು. ಅದು ಗಂಡಸರ ಕೆಲಸ. ಕೈಯಲ್ಲಿ ಲಟ್ಟಣಿಗೆಯಿದ್ದರೆ ಅದು ಲಟ್ಟಿಸುವುದಾಗುತ್ತದೆಯೇ ಹೊರತು ಕೇಳುವುದಾಗುವುದಿಲ್ಲ. ಆದ್ದರಿಂದ ನಿನ್ನ ಪ್ರಶ್ನೆಯನ್ನು ಬದಲಾಯಿಸಿಕೊಳ್ಳಬೇಕೆಂದು ನನ್ನ ಸಲಹೆ. ಕೇಳುತ್ತೀರಾ ಎಂದು ಕೇಳಬೇಡ. ಒಂದು ವಾರ ರೇಡಿಯೋ ನಿಂತುಹೋದರೆ ನಿಮ್ಮ ಮನೆಯಲ್ಲಿ ಏನು ಕೆಡುತ್ತದೆ ಎಂದು ಕೇಳು. ನಾನು ಮತ್ತೊಮ್ಮೆ ಬೀದಿ ಸುತ್ತಿ ಹೊಸ ಉತ್ತರಗಳನ್ನು ತರುತ್ತೇನೆ. ಈ ಸಲ ಬೈರಣ್ಣನ ಹೆಂಡತಿಯಿಂದ ಆರಂಭಿಸುತ್ತೇನೆ.

ಆದರೆ ಒಂದು ಎಚ್ಚರಿಕೆ. ನಿನ್ನ ತಾಯಿಯ ಧ್ವನಿ ಮೆತ್ತಗಾದದ್ದು ಆಕಾಶವಾಣಿಯ ಪರಿಣಾಮವೆಂದು ನಿನ್ನ ಪ್ರಬಂಧದಲ್ಲಿ ಬರೆದುಬಿಡಬೇಡ. ನಿನ್ನ ಪತ್ರ ಬಂದ ದಿನ ನಾನು ಅದನ್ನು ನಡುಮನೆಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಅವಳು ಒಳಗೆ ಬೆನ್ನು ತಿರುಗಿಸಿಕೊಂಡು ರೊಟ್ಟಿ ತಟ್ಟುತ್ತಿರುತ್ತಾಳೆ. ಅವಳು ಕೇಳುತ್ತಿಲ್ಲವೆಂದೇ ನಾನು ತಿಳಿದಿದ್ದೆ. ರೇಡಿಯೋದ ಮಾತು ಕಿವಿಗೆ ಬಿದ್ದಿದ್ದರೆ ನಿನ್ನ ಪತ್ರಗಳೂ ಬಿದ್ದಿರಬೇಕು. ಕೆಮ್ಮಿನ ವಿಚಾರ ಓದಿದ ದಿನ ರೊಟ್ಟಿ ತಟ್ಟುವ ಸದ್ದು ನಿಂತಿತ್ತು ಎಂಬುದು ನನಗೆ ಈಗ ನೆನಪಾಗುತ್ತಿದೆ. ಇವೆರಡರಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ಬೇರ್ಪಡಿಸಿ ಹೇಳಲು ನನ್ನಿಂದಾಗದು. ನಿನ್ನ ಪ್ರಾಧ್ಯಾಪಕರಿಂದಾದರೆ ತಿಳಿಸು.

ನೀನು ಕೈಗೊಂಡ ಕೆಲಸಕ್ಕೆ ಬಸವಣ್ಣನ ಕೃಪೆಯೂ ನಿನ್ನ ದೇಹಕ್ಕೆ ಬಲವೂ ಇರಲೆಂದು ಹಾರೈಸುವ

ನಿನ್ನ ತಂದೆ,
ಕರಿಬಸವಯ್ಯ

ತಾ. ಕ.: ಲಕೋಟೆ ಅಂಟಿಸುವುದರೊಳಗೆ ಗುರುಬಸಪ್ಪ ಬಂದ. ತುಮಕೂರಿನವರು ಇಂದೇ ಉತ್ತರ ಕೇಳಿದ್ದಾರೆಂದು ಅವಸರ ಮಾಡಿದ. ನಾನು ಬಾಯಿ ತೆರೆಯುವ ಮೊದಲೇ ನಿನ್ನ ತಾಯಿ ಒಳಗಿನಿಂದಲೇ, “ಅವರಿಗೆ ಬೇರೆ ಕಡೆ ನೋಡ್ಕೊಳ್ಳೋಕ್ಕೆ ಹೇಳಣ್ಣ. ಅವಳ ಕೆಲ್ಸ ಇನ್ನೂ ಒಂದು ವರ್ಷ ಇದೆಯಂತೆ” ಎಂದಳು. ಅವನು ಕಾಫಿ ಮುಗಿಸಿ, ಟೋಪಿ ಮರೆತು ಹೋದ. ಆಮೇಲೆ ಅವಳು ಸೆರಗಿಗೆ ಕೈ ಒರೆಸುತ್ತ ನನ್ನ ಮೇಜಿನ ಬಳಿಗೆ ಬಂದು ಹೇಳಿದ್ದನ್ನು ಒಂದು ಅಕ್ಷರವನ್ನೂ ತಿದ್ದದೆ ಬರೆಯುತ್ತಿದ್ದೇನೆ: “ಆ ಪ್ರಶ್ನೆಗೆಲ್ಲ ನಿಮಗೆ ಉತ್ತರ ಹೇಳಲ್ಲ ನಾನು. ಯುಗಾದಿಗೆ ಅವಳೇ ಬಂದು ಕೇಳ್ಲಿ, ಹೇಳ್ತೀನಿ. ಕೇಳ್ಕೊಂಡು ವಾಪಸ್ ಹೋಗ್ಲಿ.” ಅಂಚೆಯವನು ಪೆಟ್ಟಿಗೆ ತೆಗೆಯುವ ಹೊತ್ತಾಯಿತು. ಶನಿವಾರ, ೧೬-೧-೧೯೬೫, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ.