ಬಿಳಿ ಗೆರೆಯ ಹತ್ತಿರ ಬಿಚ್ಚಿದ ಬೂಟು

ಅಕ್ಕಾ,

ನಿನ್ನ ಭಾಗ್ಯ ಆಡಲಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿನಗೂ ಅದು ಸೇರುತ್ತಿರಲಿಲ್ಲ. ವಿಮಾನ ಹತ್ತಿದಳು, ಫುಟ್‌ಬಾಲ್ ಆಡಲೆಂದು ಡೆನ್ಮಾರ್ಕಿಗೆ ಹೋದಳು, ಯಾವ ಯಾವ ದೇಶದ ಹುಡುಗಿಯರ ಪಕ್ಕದಲ್ಲೋ ನಿಂತು ಫೋಟೋ ಹಿಡಿಸಿಕೊಂಡಳು. ಮೈದಾನದೊಳಗೆ ಕಾಲಿಡದೆ ವಾಪಸ್ ಬಂದಳು. ಮಂಡ್ಯದ ಆಸ್ಪತ್ರೆಯಲ್ಲಿ, ಡಯಾಲಿಸಿಸ್ ಸೂಜಿ ಕಿತ್ತ ಕೈಯನ್ನು ಎದೆ ಮೇಲಿಟ್ಟುಕೊಂಡು ನೀನು ಕೇಳಿದ ಕಡೆಯ ಮಾತು ಅವಳದ್ದೇ ಆಗಿತ್ತಲ್ಲ. "ಮಗೀಗೆ ಪಾಸ್‌ಪೋರ್ಟ್ ಬಂತೇನ್ಲಾ?" ಬಂತಕ್ಕ. ಪಾಸ್‌ಪೋರ್ಟ್ ಬಂತು, ವೀಸಾ ಬಂತು, ಹೆಸರು ಬರೆದ ಜೆರ್ಸಿಯೂ ಬಂತು. ಆಮೇಲೆ...

ನೀನು ಕೇರಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಊರ ಕಣ ಕೇಳಲು ಹೋದ ಸಂಜೆಯಿಂದಲೇ ಹೇಳಬೇಕು. ನಿನ್ನ ಸ್ಕೂಲಿಗೆ ಆಟದ ಟೀಚರ್ ಆಗಿ ನೀನಿದ್ದೆ, ಆಟದ ಬಯಲು ಇರಲಿಲ್ಲ. ರಾಗಿ ಹುರುಳಿಯನ್ನೆಲ್ಲ ಡಾಂಬರು ರಸ್ತೆಗೆ ಹರವಿ ಬೆಸಗರಹಳ್ಳಿ ಬಸ್ಸಿನ ಚಕ್ರಕ್ಕೆ ಒಕ್ಕಣೆ ಬಿಟ್ಟುಕೊಟ್ಟ ಮೇಲೆ ಊರವರ ಕಣ ಖಾಲಿ ಬಿದ್ದಿತ್ತು. ಪಟೇಲರ ಮನೆಯ ದೊಡ್ಡ ಯಜಮಾನ ಜಗಲಿಯಿಂದ ಏಳದೆ ಹೇಳಿದ: "ಆಡ್ಕಳ್ಳಿ ಬುಡಿ ಟೀಚರಮ್ಮ, ಯಾರು ಬ್ಯಾಡ ಅಂದೋರು? ಆದ್ರೆ ಕಣ ಕಣ್ರವ್ವ ಅದು. ಎಕ್ಕಡ ಆಕ್ಕಂಡು ತುಳಿಯಂಗಿಲ್ಲ." ನೀನು ಒಪ್ಪಿಬಿಟ್ಟೆ. ಅಂದಿನಿಂದ ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ನೆಲ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಬರುವುದನ್ನು ಭಾಗ್ಯಳಿಗೂ ಉಳಿದ ಮಕ್ಕಳಿಗೂ ಚೆಂಡು ಒದೆಯುವುದಕ್ಕಿಂತ ಮೊದಲು ಕಲಿಸಿದೆ.

ಅವತ್ತು ನಾನು ನಿನ್ನ ಮೇಲೆ ಹಾರಾಡಿದ್ದು ನೆನಪಿದೆಯಾ? ನಮ್ಮಪ್ಪ ಆ ಬೀದಿಯಲ್ಲಿ ಎಕ್ಕಡವನ್ನು ಕಂಕುಳಲ್ಲಿ ಇರುಕಿಕೊಂಡು ನಡೆದವನು. ಅದನ್ನು ನಿಲ್ಲಿಸಲೆಂದೇ ನಾವು ಮಳವಳ್ಳಿಯಿಂದ ಮದ್ದೂರಿನ ತನಕ ತಮಟೆ ಹೊಡೆದುಕೊಂಡು ನಡೆದದ್ದು, ಲಾಠಿ ತಿಂದದ್ದು. "ಮತ್ತೆ ನಮ್ಮ ಮಕ್ಳ ಕಾಲಿಂದ ಕಳಚಿಸ್ತಿದ್ದೀಯಲ್ಲಕ್ಕ, ನಾಚ್ಕೆ ಆಗಲ್ವಾ?" ಅಂದೆ. ನೀನು ಸೌಟು ಎತ್ತಿದೆ. "ಲೇ, ಕಣಕ್ಕೆ ಪಟೇಲ್ನೂ ಬರಿಗಾಲಲ್ಲೇ ಬತ್ತಾನೆ ಕಣ್ಲಾ. ನೀನು ಭಾಷಣ ಮಾಡ್ಕಂಡು ಬಂದು ಉಂಡು ಮನಿಕತೀಯ. ಸಂಜೆ ಐದಕ್ಕೆ ಈ ಮಕ್ಳು ಎಲ್ಲಿ ಆಡ್ಬೇಕು? ನಿನ್ನ ತಲೆ ಮ್ಯಾಲಾ?" ಈಗಲೂ ನನಗೆ ಬಗೆಹರಿದಿಲ್ಲ. ಪಟೇಲ ಬಿಡುವ ಎಕ್ಕಡವೂ ನಾವು ಬಿಡುವ ಎಕ್ಕಡವೂ ಒಂದೆಯೇ? ಅವನು ಬಿಡುವುದು ಭಕ್ತಿಯಿಂದ. ನಾವು ಬಿಡುವುದು ಬಿಡಲು ಹೇಳಿದ್ದರಿಂದ. ನೀನು ಒಪ್ಪದೆ ಹೋಗಿದ್ದರೆ ಭಾಗ್ಯ ಚೆಂಡನ್ನೇ ಕಾಣುತ್ತಿರಲಿಲ್ಲ, ಅದೂ ನಿಜ. ಎರಡೂ ನಿಜವಾದಾಗ ಮನುಷ್ಯ ಏನು ಮಾಡಬೇಕಕ್ಕ?

ಡೆನ್ಮಾರ್ಕಿನಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು, ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು, ನನ್ನ ಮುಖ ನೋಡದೆ. ಅವಳು ಸೇರಿದ್ದ ಬೆಂಗಳೂರಿನ ತರಬೇತಿ ಕೇಂದ್ರದ ತಂಡ ಮೊದಲಿನ ಪಂದ್ಯಗಳನ್ನೆಲ್ಲ ಸೋತಿತ್ತು. ಅದು ಕಡೆಯ ಪಂದ್ಯ. ಒಬ್ಬಳು ಕಾಲು ಉಳುಕಿಸಿಕೊಂಡಳು, ಕೋಚು ಭಾಗ್ಯಳ ಬೆನ್ನು ತಟ್ಟಿ ಏಳು ಎಂದ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬೂಟು ಹಾಕಿಕೊಂಡೇ ಆಡಿದ್ದಳು, ಏನೂ ಆಗಿರಲಿಲ್ಲ. ಇಲ್ಲಿ ನಿಜವಾದ ಹುಲ್ಲು, ಒದ್ದೆ ಮಣ್ಣಿನ ವಾಸನೆ, ಸುತ್ತ ಗೊತ್ತಿಲ್ಲದ ಭಾಷೆಯ ಕೂಗು. ಬಿಳಿ ಗೆರೆಯ ಹತ್ತಿರ ಬಂದವಳು ಕುಕ್ಕರಗಾಲಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದಳು.

"ಗ್ಯಾನವೇ ಇರ್ನಿಲ್ಲ ಮಾವ. ಕೈ ತಾನೇ ಓಯ್ತು. ಒಂದ್ ಬೂಟ್ ಬಿಚ್ಚಿ ಪಕ್ಕಕ್ಕಿಟ್ಟು ನೆಲ ಮುಟ್ದೆ. ಮಿಸ್ ಇಲ್ಲೇ ಎಲ್ಲೋ ನಿಂತವ್ರೆ ಅನ್ನುಸ್ತು."

ಗೆರೆಯ ಹತ್ತಿರ ನಿಂತಿದ್ದ ಅಧಿಕಾರಿ ತಲೆ ಅಲ್ಲಾಡಿಸಿದ. ಬೂಟಿಲ್ಲದೆ ಒಳಗೆ ಬಿಡುವಂತಿಲ್ಲ. ಜನ ನಕ್ಕರು. ಕೋಚು ಹಿಂದಿನಿಂದ ಕಿರುಚಿದ, ಇವಳ ಅವಸರಕ್ಕೆ ದಾರ ಗಂಟಾಯಿತು. ಹುಡುಗಿ ಹೆದರಿದ್ದಾಳೆ ಎಂದುಕೊಂಡು ಅವನು ಇನ್ನೊಬ್ಬಳನ್ನು ಕಳಿಸಿದ. ಭಾಗ್ಯ ಒಂದು ಬೂಟು ಕಾಲಲ್ಲಿ, ಒಂದು ಬೂಟು ಕೈಯಲ್ಲಿ ಹಿಡಿದು ಬೆಂಚಿಗೆ ಹೋಗಿ ಕೂತಳು. ಪಂದ್ಯ ಮುಗಿಯುವವರೆಗೂ ಹಾಗೇ ಕೂತಿದ್ದಳಂತೆ.

ಯಾರೋ ವಿಡಿಯೋ ಮಾಡಿದ್ದರು. ಅಲ್ಲಿ ನಗೆಪಾಟಲಾದದ್ದು ಇಲ್ಲಿ ಬರುವ ಹೊತ್ತಿಗೆ ಹೆಮ್ಮೆಯಾಗಿತ್ತು, ನೋಡು ನಮ್ಮವರ ಕೈಚಳಕ! ಮದ್ದೂರಿನಲ್ಲಿ ಶಾಮಿಯಾನ ಹಾಕಿದರು. ಪೇಟ, ಶಾಲು, ಹಣ್ಣಿನ ಬುಟ್ಟಿ. ಬಿಳಿ ಪಂಚೆಯ ಮುಖಂಡನೊಬ್ಬ ಮೈಕು ನುಂಗುವಂತೆ ನಿಂತು, "ಪರದೇಶದ ನೆಲದಲ್ಲೂ ಪಾದರಕ್ಷೆ ಕಳಚಿ ಭೂತಾಯಿಗೆ ನಮಿಸಿದ ಸಂಸ್ಕಾರವಂತೆ, ನಮ್ಮ ಮಂಡ್ಯದ ಮಗಳು!" ಎಂದು ಗರ್ಜಿಸಿದ. ಪಟೇಲರ ಯಜಮಾನ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದ. ಫೋಟೋದವನು, "ಅಂಗೇ ಇನ್ನೊಂದ್ ಸಲ ಬಗ್ಗವ್ವ, ಚಪ್ಲಿ ಬಿಚ್ತಾ ಇರೋ ತರ" ಅಂದ. ಭಾಗ್ಯ ಬಗ್ಗಲಿಲ್ಲ. ಮೈಕಿನ ಹತ್ತಿರ ಹೋಗಿ, "ನಾನು ಆಡ್ನಿಲ್ಲ ಸಾರ್. ಬೂಟ್ ಬಿಚ್ಚಿದ್ಕೆ ನನ್ನ ಆಡುಸ್ನಿಲ್ಲ" ಅಂದಳು. ಚಪ್ಪಾಳೆ ಬಿತ್ತು ಅಕ್ಕ. ಅವಳು ಹೇಳಿದ್ದು ಅಲ್ಲಿ ಒಬ್ಬನ ಕಿವಿಗಾದರೂ ಬಿತ್ತಾ?

ನಮ್ಮ ಸಂಘಟನೆಯ ಗೆಳೆಯರೂ ಸುಮ್ಮನಿರಲಿಲ್ಲ. ಮಳವಳ್ಳಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ಸಮಾವೇಶದ ಮಾತಾಯಿತು. ಕೇರಿಯ ಹುಡುಗಿಯ ಕಾಲಿಗೆ ಊರು ಹಾಕಿದ ಬೇಡಿ ಡೆನ್ಮಾರ್ಕಿನ ತನಕ ಎಳೆಯಿತು ಎಂದು ನಾನು ಮಾತಾಡುವುದು, ಅವಳು ವೇದಿಕೆ ಮೇಲಿರುವುದು. ಮಾತು ಸುಳ್ಳಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಬೆಂಕಿಯಂತೆ ಇತ್ತು. ಕೇಳಲು ಹೋದರೆ ಅವಳು, "ಅಲ್ಲೂ ಶಾಲು ಹೊದಿಸ್ತಾರಾ ಮಾವ?" ಅಂದಳು. ಸಮಾವೇಶದ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ಆಮೇಲೆ ಅವಳೇ ಹೇಳಿದಳು, ಕೋಚು ಕಡೆಯದಾಗಿ ಒಂದು ಅವಕಾಶ ಕೊಟ್ಟಿದ್ದಾನೆ. ಮುಂದಿನ ತಂಡಕ್ಕೆ ಆಯ್ಕೆ ಹತ್ತಿರದಲ್ಲೇ ಇದೆ. ಅಷ್ಟರಲ್ಲಿ ಮಣ್ಣಿನ ಮೇಲೆ ಬೂಟುಗಾಲಲ್ಲಿ ಆಡುವುದು ಮೈಗೆ ಹತ್ತಬೇಕು. "ಕೈ ಮತ್ತೆ ದಾರಕ್ಕೋದ್ರೆ ಮುಗೀತು ಮಾವ. ನಂಗೆ ಬಾಷಣ ಬ್ಯಾಡ. ಬೂಟ್ ಆಕ್ಕಂಡು ಓಡಾಕೆ ಒಂದು ತಾವು ಬೇಕು."

ತಾವು! ಅಷ್ಟು ಜಾಗಕ್ಕೆ ಎಷ್ಟು ಬಾಗಿಲು ತಟ್ಟಿದೆ ಗೊತ್ತಾ? ಪಟೇಲರ ಯಜಮಾನ, "ಆ ಮಗಿಗೇ ಕಣದ ಮ್ಯಾಲೆ ಅಷ್ಟು ಬಕ್ತಿ ಐತೆ, ನೀನ್ಯಾಕೆ ಕೆಡುಸ್ತೀಯೋ" ಅಂದ. ಕಚೇರಿಯಲ್ಲಿ ನೋಡೋಣ ಅಂದರು. ಸ್ಕೂಲಿನ ಹಿಂದಿನ ಗೋಮಾಳ ಯಾರ ಯಾರ ಕಬ್ಬಿನ ಗದ್ದೆಯಾಗಿದೆಯೋ ನಿನಗೇ ಗೊತ್ತು. ಈ ಊರಲ್ಲಿ ನಮ್ಮದು ಎಂದು ಬೆರಳಿಟ್ಟು ತೋರಿಸಬಹುದಾದ ಬಯಲು ಒಂದೇ ಒಂದು. ಅದನ್ನು ನೆನಪಿಸಿದವಳೂ ಅವಳೇ.

"ಮಿಸ್ ಮನಗಿರೋ ತಾವು ಸಮವಾಗೈತಲ್ವಾ ಮಾವ?"

ನಿನ್ನನ್ನು ಮಣ್ಣು ಮಾಡಿದ ನಮ್ಮ ಕೇರಿಯ ಸ್ಮಶಾನ. ಅವಳು ಮತ್ತೆ ಕೇಳಿದಳು: "ಅಲ್ಲಿ ಬೂಟ್ ಆಕ್ಕಂಡ್ರೆ ಮಿಸ್ ಬಯ್ತಾರಾ?"

ನಮ್ಮ ಕೇರಿಯವರೇ ಎದ್ದು ನಿಂತರು. ಹೆಣ ಹೂಳುವ ಕಡೆ ಹೆಣ್ಣುಮಕ್ಕಳು ಕುಣಿಯುವುದಾ, ಅದೂ ಮೊಳೆಗಾಲಿನ ಬೂಟಲ್ಲಿ ಸತ್ತವರ ಎದೆ ತುಳಿದು? ಉತ್ತರ ಕೊಟ್ಟದ್ದು ಭಾಗ್ಯಳ ಅಜ್ಜಿ. ಎಲೆಯಡಿಕೆ ಉಗಿದು ಹೇಳಿತು ಮುದುಕಿ: "ಅಲ್ಲಿ ಮನಗಿರೋರೆಲ್ಲ ಎಕ್ಕಡ ಕಾಣದಂಗೆ ಸತ್ತೋದೋರೇ ಕಣ್ರಯ್ಯ. ಇವಾದ್ರೂ ಆಕ್ಕಂಡು ಬರ್ಲಿ ಬುಡಿ."

ನಿನ್ನೆ ಜಾಲಿ ಕಡಿದು ಮುಳ್ಳು ಗುಡಿಸಿದೆವು. ತರಬೇತಿ ಕೇಂದ್ರದವರು ಬಿಸಾಡಲಿದ್ದ ಹಳೇ ಬೂಟುಗಳನ್ನು ಭಾಗ್ಯ ಚೀಲ ತುಂಬಾ ತಂದಿದ್ದಾಳೆ, ಉಳಿದ ಹುಡುಗಿಯರಿಗೆ. ಯಾರ ಕಾಲಿಗೂ ಸರಿಯಾದ ಅಳತೆಯಿಲ್ಲ, ಬಟ್ಟೆ ತುರುಕಿಕೊಂಡಿದ್ದಾರೆ. ಅವಳು ಆಯ್ಕೆಯಾಗುತ್ತಾಳೆ ಎಂದು ನಾನು ನಿನಗೆ ಮಾತು ಕೊಡಲಾರೆ. ಸುಳ್ಳು ಮಾತು ಕೊಡುವವರು ಮದ್ದೂರಿನ ವೇದಿಕೆ ಮೇಲೆ ಬೇಕಾದಷ್ಟಿದ್ದಾರೆ.

ನಾಳೆ ಬೆಳಿಗ್ಗೆ ಬರುತ್ತಾರಕ್ಕ, ಬೂಟುಗಾಲಲ್ಲಿ, ನಿನ್ನ ಮೇಲೆಯೇ. ಅಂಚಿಗೆ ಬಂದು ಭಾಗ್ಯ ಒಂದು ಗಳಿಗೆ ನಿಲ್ಲುತ್ತಾಳೆ, ನನಗೆ ಗೊತ್ತು. ಅವಳ ಕೈ ದಾರದ ಕಡೆಗೆ ಹೋಗುತ್ತದೆ. ಅಲ್ಲಿ ಅವಳನ್ನು ತಡೆಯುವ ಹಕ್ಕಿರುವವಳು ನೀನೊಬ್ಬಳೇ.

ಗದರಿಸಿ ಒಳಗೆ ಕರಿ.

ನಿನ್ನ ತಮ್ಮ