ಲಿವರಿನದಲ್ಲದ ಸೆಲ್ಸ್

ಜೂನ್ 9, ಸೋಮವಾರ. ಬೆಳಿಗ್ಗೆ 11.20
ಸೆಲ್ಸ್‌ಗೆ ಅವುಗಳ ಊಟ, ಹೊಸ ಮೀಡಿಯಾ ದ್ರವ, ಹಾಕಿ ಈಗ ಕೂತೆ. ಲಿವರ್ ಕ್ಯಾನ್ಸರ್ ಸೆಲ್ಸ್. ಮೂರು ವರ್ಷದಿಂದ ಇವೇ ನನ್ನ ಸಂಸಾರ. ಒಂದು ಜೀನ್ ಆಫ್ ಮಾಡಿದರೆ ನಾಲ್ಕೇ ದಿನದಲ್ಲಿ ಸಾಯ್ತವೆ — ಅಷ್ಟೇ ನಮ್ಮ ಪೇಪರ್. ಜರ್ನಲ್‌ನವರು ಒಪ್ಪಿದ್ದಾರೆ. ಸೆಲ್ಸ್ ಲಿವರಿನದೇ ಅಂತ ಒಂದು ಡಿಎನ್‌ಎ ರಿಪೋರ್ಟ್ ಮಾತ್ರ ಬಾಕಿ. ಬರೀ ಫಾರ್ಮಾಲಿಟಿ ಅಂದರು ನಮ್ಮ ಲ್ಯಾಬ್ ಹೆಡ್ ವೆಂಕಟಾಚಲ ಸರ್.

ಮಧ್ಯಾಹ್ನ 3.00
ರಿಪೋರ್ಟ್ ಬಂತು. ಲಿವರಿನದಲ್ಲ. ಗರ್ಭಕಂಠದ ಕ್ಯಾನ್ಸರ್ ಸೆಲ್ಸ್.
ಮೂರು ಸಲ ಓದಿದೆ. ಸ್ಯಾಂಪಲ್ ನಂಬರ್ ನಮ್ಮದೇ. ಲ್ಯಾಪ್‌ಟಾಪ್ ಮುಚ್ಚಿದೆ. ಪಕ್ಕದ ಬೆಂಚಲ್ಲಿ ಫಾಯಿಜಾ. ಅವಳ ಪಿಎಚ್‌ಡಿ ಪೂರ್ತಿ ಈ ಸೆಲ್ಸ್ ಮೇಲೆ, ಥೀಸಿಸ್ ಬರೆದು ಮುಗಿಸಿದ್ದಾಳೆ. ಕೊಟ್ಟಿದ್ದು ನಾನೇ.
"ಯಾಕಕ್ಕ, ಮುಖ ಒಂಥರಾ ಇದೆ?"
"ಏನಿಲ್ಲ. ಊಟ ಸರಿ ಹೋಗ್ಲಿಲ್ಲ."

ಜೂನ್ 14, ಶನಿವಾರ
ಹಳೇ ನೋಟ್‌ಬುಕ್ ಸಿಕ್ತು. 2022 ಆಗಸ್ಟ್. ನನ್ನದೇ ಅಕ್ಷರ. ಒಂದೇ ದಿನ ಲಿವರ್, ಗರ್ಭಕಂಠ, ಎರಡು ಥರದ ಸೆಲ್ಸ್, ಎರಡಕ್ಕೂ ಒಂದೇ ಮೀಡಿಯಾ ಬಾಟ್ಲಿ. ಒಂದರ ಹನಿ ಇನ್ನೊಂದಕ್ಕೆ ಬಿದ್ದರೆ ಸಾಕು. ಬೇಗ ಬೆಳೆಯೋದು ಇನ್ನೊಂದನ್ನ ನುಂಗಿಬಿಡುತ್ತೆ. ಅವತ್ತು ಯಾಕೆ ಅಷ್ಟು ಅವಸರ... ನೆನಪೇ ಇಲ್ಲ.
ಮೆಟ್ರೋದಲ್ಲಿ ಹಲಸೂರಲ್ಲಿ ಇಳೀಬೇಕಿತ್ತು. ತಲೆ ಎತ್ತಿದರೆ ಕೆ.ಆರ್. ಪುರ.

ಜೂನ್ 16, ಸೋಮವಾರ
ಸರ್‌ಗೆ ಹೇಳಿದೆ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.
"2022ಕ್ಕಿಂತ ಮುಂಚಿನ ಸೆಲ್ಸ್ ಒಂದು ವಯಲಲ್ಲಿ ಫ್ರೀಜ್ ಮಾಡಿಟ್ಟಿದ್ವಲ್ಲ ಹಂಸ. ಅದನ್ನ ಟೆಸ್ಟ್ ಮಾಡ್ಸು. ಜರ್ನಲ್‌ಗೆ ಆ ರಿಪೋರ್ಟ್ ಕಳ್ಸು."
"ಎಕ್ಸ್‌ಪೆರಿಮೆಂಟ್ ಅದರಲ್ಲಿ ಮಾಡೇ ಇಲ್ವಲ್ಲ ಸರ್."
"ಫಾಯಿಜಾ ಬಗ್ಗೆ ಯೋಚನೆ ಮಾಡಮ್ಮಾ."
ಬೈದಿದ್ದರೆ ಚೆನ್ನಾಗಿತ್ತು. ಹೂಂ ಅಂದು ಬಂದ್ಬಿಟ್ಟೆ.

ಜೂನ್ 20, ಶುಕ್ರವಾರ
ಹಳೇ ವಯಲ್ ತೆಗೆದು ಬೆಳೆಸಿದ್ದೀನಿ. ಇದು ನಿಜವಾದ ಲಿವರ್. ಯಾರಿಗೂ ಹೇಳಿಲ್ಲ. ಇವತ್ತು ಜೀನ್ ಆಫ್ ಮಾಡಿದೆ. ಇದೂ ಸತ್ತರೆ ಪೇಪರ್ ಉಳೀತು, ಫಾಯಿಜಾ ಉಳಿದಳು. ದೇವರೇ, ಸಾಯ್ಲಿ.
ಆಸ್ಪತ್ರೆಯೊಂದರ ಡಾಕ್ಟರಿಂದ ಮೇಲ್. ಕಾನ್ಫರೆನ್ಸಲ್ಲಿ ನಮ್ಮ ಕೆಲಸದ ಬಗ್ಗೆ ಕೇಳಿದ್ರಂತೆ, ನಮ್ಮ ಜೀನನ್ನ ಅವರ ಪೇಷಂಟ್‌ಗಳ ಲಿವರ್ ಗಡ್ಡೆಯಲ್ಲಿ ನೋಡ್ತಾರಂತೆ, ಸೆಲ್ಸ್ ಕಳಿಸ್ತೀರಾ ಅಂತ. ಉತ್ತರ ಬರೆದಿಲ್ಲ.

ಜೂನ್ 24, ಮಂಗಳವಾರ. ಬೆಳಿಗ್ಗೆ 9.10
ನಾಲ್ಕನೇ ದಿನ. ಮೈಕ್ರೋಸ್ಕೋಪಲ್ಲಿ ನೋಡಿದೆ. ಪ್ಲೇಟ್ ತುಂಬ ಹರಡಿಕೊಂಡು ಆರಾಮಾಗಿವೆ. ಸತ್ತಿಲ್ಲ. ಲಿವರ್ ಕ್ಯಾನ್ಸರ್‌ಗೆ ಈ ಜೀನ್ ಬೇಕಾಗೇ ಇಲ್ಲ.

12.40
ಜರ್ನಲ್‌ಗೆ ಮೇಲ್ ಹಾಕಿದೆ. ಪೇಪರ್ ವಾಪಸ್, ಸೆಲ್ಸ್ ತಪ್ಪು, ತಪ್ಪು ನನ್ನದು. ಡಾಕ್ಟರಿಗೂ ಅದನ್ನೇ ಬರೆದೆ. ಸರ್‌ಗೆ ಕಾಪಿ.
ಸರ್ ಬೆಂಚಿನ ಹತ್ತಿರ ಬಂದರು. "ಕಳ್ಸೋ ಮುಂಚೆ ಹೇಳ್ಬೇಕಿತ್ತು."
"ಹೇಳಿದ್ರೆ ಕಳ್ಸೋಕೆ ಆಗ್ತಿರ್ಲಿಲ್ಲ ಸರ್."
ತಮ್ಮ ರೂಮಿಗೆ ಹೋದರು.

4.15
ಫಾಯಿಜಾಗೆ ಎಲ್ಲ ಹೇಳಿದೆ, ಪ್ಲೇಟ್ ತೋರಿಸಿದೆ. ತುಂಬ ಹೊತ್ತು ನೋಡಿದಳು.
"ನನ್ನ ಥೀಸಿಸ್?"
"ಮತ್ತೆ ಮಾಡ್ಬೇಕು. ಒಂದು ವರ್ಷ... ನಾನು ಜೊತೆಗಿರ್ತೀನಿ."
ಬ್ಯಾಗ್ ತಗೊಂಡು ಹೊರಟುಹೋದಳು.

ಜೂನ್ 27, ಶುಕ್ರವಾರ
ಎರಡು ದಿನ ಬಂದಿರಲಿಲ್ಲ. ಫೋನ್ ಎತ್ತಲಿಲ್ಲ. ಇವತ್ತು ಬಂದಳು. ಗ್ಲೌಸ್ ಹಾಕಿಕೊಂಡಳು. "ಸರಿಯಾದ ಸೆಲ್ಸ್ ಯಾವ ಶೆಲ್ಫಲ್ಲಿದೆ ಅಕ್ಕ?" ಜೀವ ಬಂದ ಹಾಗಾಯ್ತು. ತೋರಿಸಿದೆ. ಒಂದು ಗಂಟೆ ಇಬ್ಬರೂ ಕೆಲಸ ಮಾಡಿದ್ವಿ.
ಆಮೇಲೆ ಕೇಳಿದಳು. "ಆ ರಿಪೋರ್ಟ್ ಬಂದಿದ್ದು ಯಾವತ್ತು?"
"ಒಂಬತ್ತನೇ ತಾರೀಖು."
"ಹತ್ತಕ್ಕೆ ಶಿವಾಜಿನಗರದಲ್ಲಿ ಥೀಸಿಸ್ ಬೈಂಡಿಂಗ್‌ಗೆ ಕೊಟ್ವಿ. ಅಂಗಡಿಯವರು ನನ್ನ ಹೆಸರಿನ ಸ್ಪೆಲ್ಲಿಂಗ್ ಕೇಳಿದಾಗ ನೀವೇ ಬರ್ಕೊಟ್ರಿ ಅಕ್ಕ. ಗೊತ್ತಿದ್ದೂ."
ಕೂಗಲಿಲ್ಲ. ನನ್ನನ್ನೇ ನೋಡ್ತಾ ಇದ್ದಳು. ಕೊನೆಗೆ ಹೇಳಿದೆ: "ಭಯ ಆಗಿತ್ತು ಕಣೇ. ನಿನ್ನ ಬಗ್ಗೆ ಅಲ್ಲ, ನನ್ನ ಬಗ್ಗೇನೇ."